ಸತ್ತ ಕಂಪ್ಯೂಟರಿನ ಕರೆಂಟು, ಕಮಲಾಪುರದ ಕಂಬ

ಕಳೆದ ವಾರದ ಗುರುವಾರ ಸಂಜೆ ನಮ್ಮ ಮನೆಯವರು ಕಾಲೇಜಿನಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಹಾಲ್ ತುಂಬ ಹಳೆಯ ಕಂಪ್ಯೂಟರಿನ ಬಿಡಿಭಾಗ. ನಡುವೆ ಚಕ್ಕಳಮಕ್ಕಳ ಹಾಕಿ ಕೂತ ನಾನು. ತಲೆಗೂದಲು ಬಿಚ್ಚಿಹೋಗಿತ್ತು. ಯಾಕೆಂದರೆ ತುರುಬಿಗೆ ಚುಚ್ಚಿಕೊಂಡಿದ್ದ ಯು-ಪಿನ್ನನ್ನು ಕಿತ್ತು, ಅದರ ತುದಿಯ ಕಪ್ಪು ಬಣ್ಣವನ್ನು ಚಾಕುವಿನಿಂದ ಕೆರೆದು, ಒಂದು ತಗಡಿನ ಡಬ್ಬಿಯಿಂದ ಹೊರಟ ವೈರುಗಳ ಗೊಂಚಲಿಗೆ ಚುಚ್ಚಲು ಹೊರಟಿದ್ದೆ.

"ಏನ್ ಮಾಡಾಕತ್ತೀ?"

"ಮಾಣಿಕಪ್ಪ ಸರ್ ಕಂಬ ಉಳಸಾಕತ್ತೀನಿ."

ಅವರು ನಿಧಾನವಾಗಿ ಚಪ್ಪಲಿ ಬಿಚ್ಚಿದರು. ಲೆಕ್ಕ ಕಲಿಸುವ ಮೇಷ್ಟ್ರು, ಯಾವುದಕ್ಕೂ ಗಡಿಬಿಡಿ ಇಲ್ಲ. "ಕಮಲಾಪುರದಾಗಿನ ಕಂಬ ಉಳಸಾಕ ಜೇವರ್ಗಿ ಕಾಲೋನ್ಯಾಗ ಕಂಪ್ಯೂಟರ್ ಕೊಯ್ಯಬೇಕೇನು?"

ಕೊಯ್ಯಬೇಕಿತ್ತು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಈ ಅಂಕಣವನ್ನು ವಾರ ವಾರ ಓದುವವರಿಗೆ ನನ್ನ ಬಾಯಿಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಕೊತ್ತಂಬರಿ ತರಲು ಹೋಗಿ, ಮಾರುವ ಹೆಂಗಸಿನ ಮೂರು ತಲೆಮಾರಿನ ಕಥೆ ತಿಳಿದುಕೊಂಡು, ಕೊತ್ತಂಬರಿ ಮರೆತು ಬಂದವಳು ನಾನು. ಆದರೆ ನಾನೊಬ್ಬ ಹ್ಯಾಮ್ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊದವರು. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮಾಳಿಗೆ ಮೇಲೆ ಆಂಟೆನಾ ನಿಲ್ಲಿಸಿ, ಫೋನೂ ಇಲ್ಲದೆ ಇಂಟರ್ನೆಟ್ಟೂ ಇಲ್ಲದೆ ಊರಿಂದೂರಿಗೆ ಮಾತಾಡುವ ಜನ. (ಕೈಯಲ್ಲಿ ಫೋನ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರು ಬಹಳ. ಬಾವಿಯಲ್ಲಿ ಈಜುವವರನ್ನು ನಿಲ್ಲಿಸಿ, ನಿಮ್ಮ ಮನೆಯಲ್ಲಿ ನಳ ಇಲ್ಲವೇ ಎಂದು ಯಾರಾದರೂ ಕೇಳುತ್ತಾರೆಯೇ?)

ನನಗೆ ಈ ಹುಚ್ಚು ಹಚ್ಚಿದವರು ಮಾಣಿಕಪ್ಪ ಸರ್. ಕಮಲಾಪುರದಲ್ಲಿ ನಮಗೆ ವಿಜ್ಞಾನ ಕಲಿಸಿದವರು. ಶಾಲೆ ಬಿಟ್ಟ ಮೇಲೆ ತಮ್ಮ ಮನೆಯ ಪತ್ರಾಸಿನ (ತಗಡಿನ ಚಾವಣಿಯ) ಕೋಣೆಯಲ್ಲಿ ನಾಲ್ಕೈದು ಮಂದಿಗೆ ರೇಡಿಯೊ ಹೇಳಿಕೊಡುತ್ತಿದ್ದರು. ಪಾಠದ ನಡುವೆ ಅಮ್ಮಾರು, ಅಂದರೆ ಸರ್ ಅವರ ಹೆಂಡತಿ ಕಾಶಮ್ಮ, ನಮ್ಮೂರಿನ ಕೆಂಪು ಬಾಳೆಹಣ್ಣು ತಂದಿಡುತ್ತಿದ್ದರು. ಸಿಪ್ಪೆ ಸುಲಿಯುತ್ತ ನಾವು ಕಲಿತದ್ದು ವೋಲ್ಟು, ಆಂಪಿಯರು, ಆಂಟೆನಾದ ಉದ್ದ ಅಳೆಯುವುದು.

ಮತ್ತು ಮೋರ್ಸ್. ಚುಕ್ಕೆ ಮತ್ತು ಗೆರೆಗಳಲ್ಲಿ, ಅಂದರೆ ಗಿಡ್ಡ ಸದ್ದು ಮತ್ತು ಉದ್ದ ಸದ್ದುಗಳಲ್ಲಿ, ಅಕ್ಷರ ಹೇಳುವ ಹಳೆಯ ತಂತಿ ಭಾಷೆ. ಸರ್ ಬಳಿ ಒಂದು ಹಲಗೆ ಇತ್ತು. ಅದರ ಮೇಲೊಂದು ಹಿತ್ತಾಳೆಯ ಕೀ, ಪಕ್ಕದಲ್ಲೊಂದು ಬಜರ್. ಕೀ ಒತ್ತಿದರೆ ಬಜರ್ ಕೂಗುತ್ತಿತ್ತು. ಮೋರ್ಸ್ ಪಾಠ ಇದ್ದ ದಿನ ನನಗೆ ತಪ್ಪದೆ ತಲೆನೋವು ಬರುತ್ತಿತ್ತು. ಬಾಯಿ ಇರುವಾಗ ಬೆರಳು ಯಾಕೆ? ಮುಂದೆ ಪರೀಕ್ಷೆಗೆ ಕೂತಾಗ ಮೋರ್ಸ್ ಬೇಡದ ಕೆಳಗಿನ ದರ್ಜೆಯ ಲೈಸೆನ್ಸನ್ನೇ ತೆಗೆದುಕೊಂಡೆ. ಪೇಢೆ ಹಿಡಿದು ಸರ್ ಮನೆಗೆ ಹೋದರೆ, ಸರ್ ಲೈಸೆನ್ಸ್ ಹಿಂದೆ ಮುಂದೆ ತಿರುವಿ ನೋಡಿ ಅಂದಿದ್ದರು:

"ಛಲೋ ಆತು ಮಾದೇವಿ. ಅರ್ಧಾ ಹ್ಯಾಮ್ ಆದಿ."

ಪೇಢೆ ಮಾತ್ರ ಪೂರ್ತಿ ತಿಂದರು.

ಈಗ ಕಳೆದ ವಾರಕ್ಕೆ ಬರೋಣ. ಬುಧವಾರ ಅಮ್ಮಾರ ಫೋನು.

"ಮಾದೇವಿ, ಐತವಾರ ಕಂಬ ಇಳಸೋ ಮಂದಿ ಬರಾಕತ್ತಾರ."

"ಯಾವ ಕಂಬರೀ ಅಮ್ಮಾರ?"

"ಮಾಳಗಿ ಮ್ಯಾಲಿಂದು. ಆಂಟೆನಾದ್ದು. ರೇಡಿಯೊ ಯಾರಿಗರ ಕೊಡೋಣು ಅಂತಾರ. ಪಾಟಿ ಮ್ಯಾಲ ಬರದು ತೋರಿಸ್ಯಾರ. ಬಾಯಿ ಇಲ್ಲದವಗ ರೇಡಿಯೊ ಯಾಕ, ಅಂತ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. (ಗಮನಿಸಿ. ಇದು ವರ್ಷಕ್ಕೊಮ್ಮೆ ಆಗುವಂಥದ್ದು.)

ಚಳಿಗಾಲದಲ್ಲಿ ಸರ್ ಅವರಿಗೆ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂದಿನಿಂದ ಸರ್ ತೊಡೆಯ ಮೇಲೊಂದು ಪಾಟಿ, ಅಂದರೆ ಸ್ಲೇಟು, ಇಟ್ಟುಕೊಂಡಿರುತ್ತಾರೆ. ಹಸಿವು, ನೀರು, ಪೇಪರ್, ಮಾತ್ರೆ. ಪಾಟಿಯ ಮೇಲೆ ಅಷ್ಟೇ.

ನಾನು ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದೆ. ಆಮೇಲೆ? ಆಮೇಲೆ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಮಾಡಿ ಏನು ಮಾತಾಡುವುದು? ಆ ಕಡೆಯಿಂದ ಉತ್ತರ ಇಲ್ಲವಲ್ಲ? ಬದಲಿಗೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಿದ್ದೆ. ಸರ್ ಶಿಷ್ಯರೆಲ್ಲ ಕಳಿಸುತ್ತಿದ್ದರು. ಸರ್ ಫೋನಿನಲ್ಲಿ ಹೂವಿನ ತೋಟವೇ ಎದ್ದಿರಬೇಕು.

"ಆ ಕಂಬ ಇಳೀತಂದ್ರ ಇವರೂ ಇಳದುಬಿಡ್ತಾರ ಮಾದೇವಿ," ಅಂದರು ಅಮ್ಮಾರು. "ದಿನಾ ಮುಂಜಾನೆ ಎದ್ದ ಕೂಡ್ಲೆ ಅದನ್ನೇ ನೋಡ್ತಾರ. ನೀ ಏನರ ಮಾಡವ್ವ."

ನಾನು ಏನು ಮಾಡಲಿ? ನನಗೆ ಬರುವುದು ಒಂದೇ, ಮಾತು. ಸರಿ, ಮಾತನ್ನೇ ಮಾಡುವುದು. ಅದೂ ರೇಡಿಯೊದಲ್ಲಿ. ಭಾನುವಾರ ಕಂಬ ಇಳಿಸುವವರು ಏಣಿ ಹಾಕುವ ಮೊದಲು, ಅದೇ ಕಂಬದ ಮೂಲಕ ನನ್ನ ದನಿ ಸರ್ ಕೋಣೆಗೆ ಇಳಿಯಬೇಕು. ಆಮೇಲೂ ಕಂಬ ಬೇಡ ಅಂತ ಬರೆಯಲಿ ನೋಡೋಣ!

ಎಂಥ ಐಡಿಯಾ! ಖುಷಿಯಿಂದ ಕಪಾಟು ತೆಗೆದು ನನ್ನ ರೇಡಿಯೊ ಹೊರಗೆಳೆದೆ. ಮೊಬೈಲ್ ರೇಡಿಯೊ. ಅಂದರೆ ಕೈಯಲ್ಲಿ ಹಿಡಿಯುವ ಮೊಬೈಲ್ ಅಲ್ಲ, ಜೀಪಿನಲ್ಲೋ ಕಾರಿನಲ್ಲೋ ಸ್ಟೇರಿಂಗ್ ಪಕ್ಕ ಕೂರಿಸುವ ಪುಟ್ಟ ಪೆಟ್ಟಿಗೆ. ಅದನ್ನು ಕೊಂಡ ದಿನ ಸರ್ ಅವರೇ ಎಲ್ಲ ಹೊಂದಿಸಿ ಕೊಟ್ಟಿದ್ದರು. ಏನೇನೋ ಗುಂಡಿ ಒತ್ತಿ, ಒಳಗೊಳಗೆ ನಕ್ಕಿದ್ದೂ ನೆನಪಿದೆ. ಕಾರಿನ ಸಾಮಾನಾದ್ದರಿಂದ ಅದಕ್ಕೆ ಹನ್ನೆರಡು, ಹದಿಮೂರು ವೋಲ್ಟಿನ ಡಿಸಿ ಕರೆಂಟು ಬೇಕು. ಗೋಡೆಯ ಸಾಕೆಟ್ಟಿನ ಕರೆಂಟನ್ನು ಹಾಗೆ ಇಳಿಸಿಕೊಡುತ್ತಿದ್ದ ನನ್ನ ಪವರ್ ಸಪ್ಲೈ ಹಿಂದೊಂದು ಬೇಸಿಗೆಯ ವೋಲ್ಟೇಜ್ ಏರಿಳಿತದಲ್ಲಿ ಸುಟ್ಟು ಕರಕಲಾಗಿತ್ತು. ಅಂದಿನಿಂದ ರೇಡಿಯೊ ಕಪಾಟಿನಲ್ಲಿ ರೇಷ್ಮೆ ಸೀರೆಗಳ ಜೊತೆ ಮಲಗಿತ್ತು.

ಹೊಸ ಸಪ್ಲೈ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದಿಲ್ಲ. ತರಿಸಿದರೆ ಬರುವಷ್ಟರಲ್ಲಿ ಭಾನುವಾರ ದಾಟಿರುತ್ತದೆ. ಕಾರಿನ ಬ್ಯಾಟರಿ? ನಮ್ಮ ಮನೆಯಲ್ಲಿರುವುದು ಸ್ಕೂಟರ್. ಇನ್ವರ್ಟರ್ ಬ್ಯಾಟರಿ? ಅದರ ಕಡೆ ನಾನು ಕಣ್ಣು ಹಾಯಿಸಿದ್ದೇ ತಡ, ನಮ್ಮ ಮನೆಯವರು ಎದ್ದು ನಿಂತರು. "ಅದಕ್ಕ ಕೈ ಹಚ್ಚಬ್ಯಾಡ." ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಇನ್ವರ್ಟರ್ ಮುಟ್ಟುವುದೆಂದರೆ ಸಂಸಾರಕ್ಕೆ ಕೈ ಹಾಕಿದಂತೆ. ಕರೆಂಟು ಹೋದಾಗ ಫ್ಯಾನ್ ತಿರುಗದಿದ್ದರೆ ಮೂವತ್ತು ವರ್ಷದ ದಾಂಪತ್ಯವೂ ತಿರುಗುವುದಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲಿದ್ದ ಸತ್ತ ಕಂಪ್ಯೂಟರು. ಅದರ ಮೇಲೆ ನಾನು ಸಂಡಿಗೆ ಡಬ್ಬಿ ಇಟ್ಟಿದ್ದೆ.

ಸತ್ತ ಕಂಪ್ಯೂಟರಿನಲ್ಲಿ ಎಲ್ಲವೂ ಸತ್ತಿರುವುದಿಲ್ಲ ಸ್ವಾಮಿ! ಅದರ ಹೊಟ್ಟೆಯೊಳಗೊಂದು ತಗಡಿನ ಡಬ್ಬಿ ಇರುತ್ತದೆ. ಎಸ್ಎಂಪಿಎಸ್ ಅನ್ನುತ್ತಾರೆ. ಗೋಡೆಯ ಕರೆಂಟನ್ನು ಐದು ವೋಲ್ಟು, ಹನ್ನೆರಡು ವೋಲ್ಟು ಅಂತ ಇಳಿಸಿ ಕಂಪ್ಯೂಟರಿನ ಅಂಗಾಂಗಕ್ಕೆಲ್ಲ ಹಂಚುವ ಡಬ್ಬಿ. ಹಳದಿ ವೈರಿನಲ್ಲಿ ಹನ್ನೆರಡು. ಕೆಂಪು ವೈರಿನಲ್ಲಿ ಐದು. ಕಪ್ಪು ಎಂದರೆ ವಾಪಸು ದಾರಿ. ಕಂಪ್ಯೂಟರಿಗೆ ಕೊಡುವುದನ್ನು ನನ್ನ ರೇಡಿಯೊಗೆ ಕೊಟ್ಟರೆ ಅದೇನು ಬೇಡ ಅನ್ನುತ್ತದೆಯೇ?

ಒಂದೇ ತೊಡಕು. ಆ ಡಬ್ಬಿ ಕಂಪ್ಯೂಟರ್ ಕರೆಯದೆ ಏಳುವುದಿಲ್ಲ. ಒಂಟಿ ಹಸಿರು ವೈರಿದೆ, ಅದನ್ನು ಕಪ್ಪು ವೈರಿಗೆ ಮುಟ್ಟಿಸಿದರೆ, ಕಂಪ್ಯೂಟರೇ ಕರೆಯಿತು ಅಂದುಕೊಂಡು ಎದ್ದೇಳುತ್ತದೆ. ಅದಕ್ಕೇ ನನ್ನ ಯು-ಪಿನ್.

ಚುಚ್ಚಿದೆ. ಸ್ವಿಚ್ ಹಾಕಿದೆ.

ಗುಂಯ್ ಎಂದು ಡಬ್ಬಿಯ ಫ್ಯಾನ್ ತಿರುಗಿತು! ಹತ್ತು ವರ್ಷದ ಧೂಳು ನಮ್ಮ ಮನೆಯವರ ಬಿಳಿ ಅಂಗಿಯ ಮೇಲೆ. ನಾನು ಕೂತಲ್ಲೇ ಚಪ್ಪಾಳೆ ಹೊಡೆದೆ. ಹಳದಿ, ಕಪ್ಪು ವೈರು ರೇಡಿಯೊಗೆ ಜೋಡಿಸಿದೆ. ಅದರ ಕಿತ್ತಳೆ ಬಣ್ಣದ ಪರದೆ ಬೆಳಗಿತು. ಮೈಕ್ ಎತ್ತಿ ಬಟನ್ ಒತ್ತಿದೆ.

ಎಲ್ಲ ಆರಿಹೋಯಿತು. ಫ್ಯಾನೂ, ಪರದೆಯೂ, ನನ್ನ ಮುಖವೂ.

"ಮಾತಾಡೂಕಿಂತ ಮೊದಲೇ ದಣೀತು ನೋಡು ಪಾಪ," ಅಂದರು ನಮ್ಮ ಮನೆಯವರು, ಅಂಗಿ ಝಾಡಿಸುತ್ತ.

ಶುಕ್ರವಾರ ಆ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಮೋಮಿನಪುರಕ್ಕೆ ಹೋದೆ. ಅಲ್ಲಿ ಖಲೀಲ್ ಭಾಯ್ ಅವರದ್ದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಂಗಡಿ ಅನ್ನುವುದಕ್ಕಿಂತ ಹಳೆಯ ಕಂಪ್ಯೂಟರುಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಮಗಳ ಓದಿನ ಕಾಲದಿಂದ ಗುರುತು. ಜುಮ್ಮಾ ನಮಾಜು ಮುಗಿಸಿ ಆಗಷ್ಟೇ ಬಾಗಿಲು ತೆರೆದಿದ್ದರು. ನಾನು ಡಬ್ಬಿ ಇಟ್ಟೆ, ಕಥೆ ಶುರು ಮಾಡಿದೆ. ಕಮಲಾಪುರ, ಕೆಂಪು ಬಾಳೆ, ಪತ್ರಾಸಿನ ಕೋಣೆ, ಗಂಟಲು, ಕಂಬ.

"ಅಕ್ಕಾರ, ಏಕ್ ಮಿನಿಟ್," ಅಂದರು ಖಲೀಲ್ ಭಾಯ್. "ಡಬ್ಬಿ ಏನ್ ಹೇಳ್ತದ, ಪೈಲಾ ಅದರದ್ದು ಕೇಳೋಣ್ರಿ."

ಅವರು ಮೀಟರ್ ಹಿಡಿದು ನೋಡಿದರು. ಯು-ಪಿನ್ ನೋಡಿ ನಕ್ಕು, ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, ಆ ಜಾಗಕ್ಕೊಂದು ಪುಟ್ಟ ಸ್ವಿಚ್ ಬೆಸುಗೆ ಹಾಕಿದರು.

"ಇದರ ಆದತ್ ಏನಂದ್ರ, ಕೆಂಪು ವೈರಿಗೆ ಕೆಲಸ ಇರಬೇಕ್ರಿ. ಕೆಂಪಿಗೆ ಕೆಲಸ ಇಲ್ಲಂದ್ರ ಹಳದಿಗೆ ತಾಕತ್ ಬರಂಗಿಲ್ಲ. ಕಂಪ್ಯೂಟರ್ದಾಗ ಎರಡಕ್ಕೂ ಕೆಲಸ ಇರ್ತದ. ನೀವು ಹಳದಿ ಒಂದನ್ನ ಹಿಡಕೊಂಡು ಎಳದ್ರಿ, ಕೂತುಬಿಡ್ತು."

"ಈಗೇನ್ ಮಾಡೋದ್ರಿ?"

"ಕೆಂಪಿಗೊಂದು ಕೆಲಸ ಕೊಡೋದು."

ಡ್ರಾ ತಡಕಾಡಿ ಆಟೋರಿಕ್ಷಾದ ಬ್ರೇಕ್ ಲೈಟಿನ ಬಲ್ಬೊಂದನ್ನು ತೆಗೆದರು. ಅದನ್ನು ಕೆಂಪು ಮತ್ತು ಕಪ್ಪು ವೈರುಗಳ ನಡುವೆ ಕಟ್ಟಿದರು. ಬಲ್ಬು ಊದಿನಕಡ್ಡಿಯ ತುದಿಯಷ್ಟು ಕೆಂಪಗೆ ಹೊತ್ತಿಕೊಂಡಿತು. ಮೀಟರಿನಲ್ಲಿ ಹಳದಿಯ ವೋಲ್ಟು ಕಣ್ಣೆದುರೇ ಮೇಲೇರಿತು! ಸುಮ್ಮನೆ ಕೂತು ಉರಿಯುವುದೇ ಆ ಬಲ್ಬಿನ ಕೆಲಸ. ಅದು ಉರಿದರೆ ಪಕ್ಕದವರಿಗೆ ಬಲ. ನನಗೆ ಖುಷಿಯಲ್ಲಿ ಆ ಬಲ್ಬಿಗೆ ಹೆಸರಿಡಬೇಕು ಅನ್ನಿಸಿತು.

"ಮತ್ತ ಒಂದೇ ಹಳದಿ ವೈರ್ ನಕ್ಕೋ, ಸಾಲಂಗಿಲ್ಲ," ಅಂದರು. "ಸಣ್ಣ ವೈರ್, ಬಿಸಿ ಆಗ್ತದ. ನಾಕೈದು ಕೂಡಿಸಿ ಹೆಣೀರಿ, ಕಪ್ಪೂ ಹಂಗೇ. ರೇಡಿಯೊದ ಪವರ್ ಕಮ್ಮಿ ಇಟ್ಟು ಮಾತಾಡ್ರಿ. ಇದು ಮುದುಕ ಅದ, ಜೋರ್ ಮಾಡಬ್ಯಾಡ್ರಿ. ಮತ್ತ ಈ ಡಬ್ಬಿ ಮಾತ್ರ ಎಂದೂ ಬಿಚ್ಚಬ್ಯಾಡ್ರಿ. ಸ್ವಿಚ್ ಆಫ್ ಮಾಡಿದ್ರೂ ಒಳಗ ಕರೆಂಟ್ ಕೂತಿರ್ತದ, ಹೊಡೀತದ."

ಹೊರಡುವಾಗ ಕರೆದು ಹೇಳಿದರು: "ಅಕ್ಕಾರ, ಉಸ್ತಾದರಿಗೆ ನಂದೊಂದು ಸಲಾಂ ಹೇಳ್ರಿ."

ಶನಿವಾರ ಇಡೀ ದಿನ ನಮ್ಮ ಮನೆಯಲ್ಲಿ ಹಬ್ಬ. ನಾನು ಜಡೆ ಹೆಣೆದಂತೆ ಹಳದಿ ವೈರು ಹೆಣೆದೆ. ನಮ್ಮ ಮನೆಯವರು ಬಯ್ಯುತ್ತಲೇ ಮಾಳಿಗೆ ಹತ್ತಿ ವಾಲಿದ್ದ ಆಂಟೆನಾ ನೆಟ್ಟಗೆ ಮಾಡಿದರು. ಬಲ್ಬು ಹೊತ್ತಿತು. ಫ್ಯಾನ್ ತಿರುಗಿತು. ಪವರ್ ಕಡಿಮೆ ಇಟ್ಟು ಬಟನ್ ಒತ್ತಿದೆ. ಆರಲಿಲ್ಲ! ಇನ್ನೊಮ್ಮೆ ಒತ್ತಿದೆ. ಆರಲಿಲ್ಲ! ಅಡುಗೆಮನೆಯಲ್ಲಿ ಕುಕ್ಕರ್ ನಾಲ್ಕನೇ ಸಲ ಕೂಗಿದ್ದು ನನಗೆ ಕೇಳಿಸಲೇ ಇಲ್ಲ.

ಅಮ್ಮಾರಿಗೆ ಫೋನ್ ಮಾಡಿದೆ. "ನಾಳೆ ಮುಂಜಾನೆ ಏಳಕ್ಕ ಸರ್ ರೇಡಿಯೊ ಚಾಲೂ ಇಡ್ರಿ ಅಮ್ಮಾರ. ಹಳೇ ಚಾನೆಲ್ಲೇ ಇರ್ಲಿ. ನಾ ಮಾತಾಡ್ತೀನಿ. ಸರ್ ಏನೂ ಮಾತಾಡೂದು ಬ್ಯಾಡ. ಹೌದು ಅನ್ನಾಕ ಮೈಕಿನ ಬಟನ್ ಒಂದ್ ಸಲ ಒತ್ತಿ ಬಿಡ್ಲಿ, ಇಲ್ಲ ಅನ್ನಾಕ ಎರಡ್ ಸಲ. ನನಗ ಈ ಕಡೆ ಟಕ್ ಟಕ್ ಕೇಳ್ತದ."

"ಹೇಳ್ತೀನವ್ವ. ಆದ್ರ ಅವರು ಅದರ ಕಡೆ ಮಾರಿ ಸೈತ ತಿರುವಂಗಿಲ್ಲ ಈಗ. ಕಂಬದ ಮಂದಿ ಒಂಬತ್ತಕ್ಕ ಬರ್ತೀವಿ ಅಂದಾರ."

ಭಾನುವಾರ ಬೆಳಿಗ್ಗೆ ಏಳು. ನಮ್ಮ ಮನೆಯವರು ಪೇಪರಿನ ಪುರವಣಿ ಹಿಡಿದು ಎದುರಿಗೆ ಕೂತಿದ್ದರು. ಮೂವತ್ತು ನಲವತ್ತು ಕಿಲೋಮೀಟರ್ ದೂರದ ಊರು, ಮುದುಕ ಡಬ್ಬಿ, ಕಡಿಮೆ ಪವರ್. ಮುಟ್ಟುತ್ತದೆಯೇ?

ರೇಡಿಯೊದಲ್ಲಿ ಮಾತಾಡಲು ಒಂದು ಶಿಸ್ತಿದೆ. ಇದು ಫೋನಿನಂತಲ್ಲ. ಬಟನ್ ಒತ್ತಿಕೊಂಡಿರುವಾಗ ಮಾತಾಡಬಹುದು, ಕೇಳಲಾಗದು. ಬಿಟ್ಟಾಗ ಕೇಳಬಹುದು, ಮಾತಾಡಲಾಗದು. ಆದ್ದರಿಂದ ಎರಡು ಮಾತಾಡಿ, 'ಓವರ್' ಎಂದು ಹೇಳಿ, ಬಟನ್ ಬಿಡಬೇಕು. ಈಗ ಸರದಿ ನಿಮ್ಮದು ಎಂದು ಅದರ ಅರ್ಥ. ಸರ್ ಮೊದಲ ದಿನವೇ ಕಲಿಸಿದ ಪಾಠ.

ಬಟನ್ ಒತ್ತಿದೆ. ಲೈಸೆನ್ಸಿನ ಜೊತೆ ಕೊಟ್ಟ ನನ್ನ ಕರೆಸಂಕೇತ ಹೇಳಿದೆ. ಆಮೇಲೆ?

ಆಮೇಲೆ ಕಟ್ಟೆಯೊಡೆಯಿತು. "ಸರ್, ನಾ ಮಾದೇವಿ! ಕೇಳ್ತದೇನ್ರಿ? ಸರ್, ಇದು ಕಂಪ್ಯೂಟರಿನ ಕರೆಂಟ್ ಮ್ಯಾಲ ನಡದದ!" ಯು-ಪಿನ್ನಿನ ಕಥೆ ಹೇಳಿದೆ. ಕೆಂಪು ವೈರಿನ ಬಲ್ಬು ಹೇಳಿದೆ. ಖಲೀಲ್ ಭಾಯ್ ಸಲಾಂ ಹೇಳಿದೆ. ಕಂಬ ಇಳಿಸಬೇಡಿ ಎಂದೆ, ಇಳಿಸಿದರೆ ನನ್ನಾಣೆ ಎಂದೆ. ಇಷ್ಟು ದಿನ ಫೋನ್ ಮಾಡಲಿಲ್ಲ, ನನ್ನದು ತಪ್ಪಾಯಿತು ಎಂದೆ. ಅಳು ಬಂತು, ಅಳುತ್ತಲೇ ಮಾತಾಡಿದೆ. ಹಳದಿ ವೈರು ಹೆಣೆದದ್ದು ಇನ್ನೊಮ್ಮೆ ಹೇಳಿದೆ. ಎದುರಿಗೆ ನಮ್ಮ ಮನೆಯವರು ಕೈಸನ್ನೆ ಮಾಡುತ್ತಿದ್ದರು. ಹುರುಪು ತುಂಬುತ್ತಿದ್ದಾರೆ ಅಂದುಕೊಂಡು ಇನ್ನಷ್ಟು ಮಾತಾಡಿದೆ.

ಪೀಂ!

ರೇಡಿಯೊ ಒಂದು ಸದ್ದು ಮಾಡಿ ನನ್ನ ಮಾತನ್ನು ನಡುವೆಯೇ ಕತ್ತರಿಸಿತು. ಬಟನ್ ಒತ್ತಿಯೇ ಇದ್ದೆ, ಆದರೂ ಪರದೆಯ ಮೇಲೆ ಮಾತಿನ ದೀಪ ಆರಿತ್ತು. ಹೋಯಿತು, ಮುದುಕ ಡಬ್ಬಿ ಕೂತುಬಿಟ್ಟಿತು! ಆದರೆ ಬಲ್ಬು ಉರಿಯುತ್ತಿತ್ತು. ಫ್ಯಾನೂ ತಿರುಗುತ್ತಿತ್ತು. ಮತ್ತೆ ಏನಾಯಿತು? ಹಿಂದಿನಂತೆ ರೇಡಿಯೊಗೇ ಬಿಸಿ ಏರಿತೇ?

"ಶ್!" ಎಂದರು ನಮ್ಮ ಮನೆಯವರು.

ಸ್ಪೀಕರಿನ ಸರಸರ ಸದ್ದಿನ ಹಿಂದಿನಿಂದ ಏನೋ ಬರುತ್ತಿತ್ತು. ಟಕ್ ಟಕ್ ಅಲ್ಲ. ಡಾ... ಡಾ... ಡಾ. ಮೂರು ಉದ್ದ.

ಬಜರ್! ಪತ್ರಾಸಿನ ಕೋಣೆಯ ಬಜರ್! ಮೂವತ್ತೈದು ವರ್ಷದ ಮೇಲೂ ಆ ಕೀರಲು ದನಿ ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತೇನೆ. ಎಷ್ಟು ಸಲ ತಲೆನೋವಿನ ನೆಪ ಹೇಳಿ ಅದರಿಂದ ತಪ್ಪಿಸಿಕೊಂಡಿದ್ದೆ!

"ಮೂರು ಉದ್ದ ಅಂದ್ರ ಏನು?" ಎಂದು ನಮ್ಮ ಮನೆಯವರು ಪಿಸುಗುಟ್ಟಿದರು.

ನೆನಪಾಗಲಿಲ್ಲ. ಅರ್ಧ ಹ್ಯಾಮಿಗೆ ಮೂರು ಉದ್ದದ ಅರ್ಥ ನೆನಪಾಗಲಿಲ್ಲ. ಅಷ್ಟರಲ್ಲಿ ಮುಂದಿನ ಅಕ್ಷರ ಬಂದು ಹೋಯಿತು. ನಮ್ಮ ಮನೆಯವರು ಪುರವಣಿಯಲ್ಲಿ, ನನ್ನದೇ ಅಂಕಣದ ಪಕ್ಕದ ಖಾಲಿ ಅಂಚಿನಲ್ಲಿ, ಪೆನ್ನಿನಿಂದ ಚುಕ್ಕೆ ಗೆರೆ ಬರೆಯತೊಡಗಿದ್ದರು. ಆ ಕಡೆಯ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಇನ್ನೂ ನಿಧಾನ. ಪ್ರತಿ ಅಕ್ಷರದ ನಡುವೆ ಒಂದು ಉಸಿರಿನಷ್ಟು ಬಿಡುವು. ಮೊದಲ ದಿನ ಪಾಠಕ್ಕೆ ಬಂದ ಹುಡುಗಿಗೆ ಬಡಿಯುವಂತೆ ಬಡಿಯುತ್ತಿದ್ದರು ಸರ್. ನನ್ನ ಯೋಗ್ಯತೆ ಅವರಿಗೆ ಚೆನ್ನಾಗಿ ಗೊತ್ತು.

ನಾನು ಫೋನಿನಲ್ಲಿ ಮೋರ್ಸ್ ಪಟ್ಟಿ ತೆರೆದೆ. ನಮ್ಮ ಮನೆಯವರು ಚುಕ್ಕೆ ಗೆರೆ ಓದಿದರು, ನಾನು ಅಕ್ಷರ ಹುಡುಕಿದೆ. ಮೂರು ಉದ್ದ, ಓ. ಮೂರು ಗಿಡ್ಡ ಒಂದು ಉದ್ದ, ವಿ. ಬರೀ ಒಂದು ಗಿಡ್ಡ, ಇ. ಗಿಡ್ಡ, ಉದ್ದ, ಗಿಡ್ಡ, ಆರ್. ಆಮೇಲೆ ಎ, ಎನ್, ಎನ್, ಯು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

ಓವರ್ ಅನ್ನು.

ಆಪರೇಷನ್ ಆದ ಮೇಲೆ ನನ್ನ ಗುರುಗಳು ನನಗೆ ಹೇಳಿದ ಮೊದಲ ಮಾತು ಅದು. ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಎರಡೂ ಸೇರಿ ಒಂದು ವಿಚಿತ್ರ ಸದ್ದು ಹೊರಟಿತು. ಬಟನ್ ಒತ್ತಿದೆ. "ಸಾರೀ ಸರ್. ಕಂಬ ಇರ್ತದೇನ್ರಿ? ಓವರ್." ಬಿಟ್ಟೆ. ಅಷ್ಟೇ ಮಾತು. ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ.

ಕಾಯುವುದು ಎಷ್ಟು ಕಷ್ಟ! ಸರಸರ ಸದ್ದು. ಬಲ್ಬು. ಫ್ಯಾನು. ನಮ್ಮ ಮನೆಯವರ ಪೆನ್ನಿನ ತುದಿ ಪೇಪರಿನ ಮೇಲೆ ನಿಂತೇ ಇತ್ತು. ಆಮೇಲೆ ಬಜರ್ ಕೂಗಿತು. ಒಂದೊಂದೇ ಅಕ್ಷರ ಜೋಡಿಸಿದೆವು.

ಕಂಬ ಇರ್ಲಿ.

ನಮ್ಮ ಮನೆಯವರು, ಯಾವುದಕ್ಕೂ ಗಡಿಬಿಡಿ ಇಲ್ಲದ ಆ ಮನುಷ್ಯ, ಪುರವಣಿ ಮೇಲಕ್ಕೆ ಎಸೆದು "ಹೋ!" ಎಂದು ಕೂಗಿದರು. ಪಕ್ಕದ ಮನೆಯವರು ಕಿಟಕಿಯಿಂದ, ಕ್ರಿಕೆಟ್ಟಿನಲ್ಲಿ ಯಾರು ಗೆದ್ದರು ಎಂದು ಕೇಳಿದರು. ಬೆಳಿಗ್ಗೆ ಏಳೂಕಾಲಿಗೆ ಯಾವ ಮ್ಯಾಚು? ಅವರಿಗೆ ಉತ್ತರ ಹೇಳುವಷ್ಟು ವ್ಯವಧಾನ ನಮಗಿರಲಿಲ್ಲ.

ಅಷ್ಟರಲ್ಲಿ ಅಮ್ಮಾರೇ ಮೈಕಿಗೆ ಬಂದರು. ಅಲ್ಲಿ ನಡೆದದ್ದೇನು ಎಂಬುದು ಆಗ ತಿಳಿಯಿತು. ನನ್ನ ದನಿ ಕೇಳಿದ ಕೂಡಲೇ ಸರ್ ಎದ್ದು ಪತ್ರಾಸಿನ ಕೋಣೆಗೆ ಹೋಗಿ, ಟ್ರಂಕಿನಿಂದ ಹಳೆಯ ಹಲಗೆ ತಂದು, ಅದಕ್ಕೆ ಸೆಲ್ ಹಾಕಿ, ಮೈಕಿನ ಮುಂದೆ ಬಜರ್ ಇಟ್ಟರಂತೆ. ಮೈಕಿನ ಬಟನ್ ಒತ್ತಿ ಹಿಡಿದವರು ಅಮ್ಮಾರು. ಕೀ ಬಡಿದವರು ಸರ್.

"ನೀ ಮಾತಾಡಾಕತ್ತಾಗೇ ಮೂರು ಸಲ ಬಡದ್ರವ್ವ. ನೀ ಬಟನ್ ಬಿಡವಲ್ಲಿ. ನಿನಗ ಕೇಳೂದ್ಹ್ಯಾಂಗ? ಮತ್ತ ಪಾಟಿ ಮ್ಯಾಲ ಏನೋ ಬರದಾರ, ಓದ್ತೀನಿ ತಡಿ. ನಿನ್ನ ರೇಡಿಯೊಕ್ಕ ಮೂರು ನಿಮಿಷದ ಬೀಗ ನಾನೇ ಹಾಕಿದ್ದು, ಅಂತ ಬರದಾರ. ಅದೇನದು? ಓವರ್."

ಏನೆಂದರೆ, ಇಂಥ ರೇಡಿಯೊಗಳಲ್ಲಿ ಒಂದು ಸೌಲಭ್ಯವಿದೆ. ಇಷ್ಟು ನಿಮಿಷಕ್ಕಿಂತ ಹೆಚ್ಚು ಯಾರಾದರೂ ಬಟನ್ ಒತ್ತಿಕೊಂಡೇ ಇದ್ದರೆ ರೇಡಿಯೊ ತಾನೇ ಅವರ ಬಾಯಿ ಮುಚ್ಚಿಸಿ, ಕೇಳುವ ಕಡೆ ತಿರುಗುತ್ತದೆ. ಕೊಂಡ ದಿನ ಸರ್ ಗುಂಡಿ ಒತ್ತಿ ಒಳಗೊಳಗೆ ನಕ್ಕದ್ದು ಇದಕ್ಕೆ! ಹಿಂದೆ ಅದು ನನ್ನ ಮಾತು ಕತ್ತರಿಸಿದಾಗಲೆಲ್ಲ ರೇಡಿಯೊ ಬಿಸಿಯಾಯಿತು, ಇದರ ಗುಣವೇ ಹೀಗೆ ಎಂದು ಅದನ್ನೇ ಬೈದಿದ್ದೇನೆ. ನಮ್ಮ ಮನೆಯವರು ಗಂಭೀರವಾಗಿ ಕೇಳಿದರು: "ಇದು ರೇಡಿಯೊಕ್ಕಷ್ಟೇ ಬರ್ತದೇನು?"

ಒಂಬತ್ತಕ್ಕೆ ಕಂಬ ಇಳಿಸುವವರು ಏಣಿ ಸಮೇತ ಬಂದರಂತೆ. ಸರ್ ಪಾಟಿಯ ಮೇಲೆ ಬರೆದು ತೋರಿಸಿದರಂತೆ: ಕಂಬದ ಬೋಲ್ಟ್ ಸಡಿಲಾಗಿವೆ, ಬಿಗಿ ಮಾಡಿ ಹೋಗಿ. ಅವರು ಬಿಗಿ ಮಾಡಿ, ಚಹಾ ಕುಡಿದು ಹೋದರಂತೆ.

ಈಗ ದಿನಾ ಬೆಳಿಗ್ಗೆ ಏಳಕ್ಕೆ ನನಗೆ ಪಾಠ. ಗುಲಾಬಿ ಹೂವು ಕಳಿಸುವುದು ಬಂದ್. ಹನ್ನೊಂದು ಅಕ್ಷರ ಪಟ್ಟಿ ನೋಡದೆ ಹಿಡಿಯುತ್ತೇನೆ. ಹನ್ನೆರಡನೆಯದಕ್ಕೆ ತಲೆನೋವು ಬರುವ ಸೂಚನೆ ಇದೆ, ಆದರೆ ಈ ಸಲ ಕೂತೇ ಕಲಿಯುತ್ತೇನೆ. ನಿನ್ನೆ ಸರ್ ಬಡಿದ ಒಂದು ಪೂರ್ತಿ ವಾಕ್ಯ ತಪ್ಪಿಲ್ಲದೆ ಬರೆದುಕೊಂಡೆ. ಅಮ್ಮಾರು ಉಪ್ಪಿಟ್ಟಿಗೆ ಉಪ್ಪು ಹಾಕಿಲ್ಲ ಎಂಬ ದೂರು ಅದು. ಮೈಕಿನ ಬಟನ್ ಒತ್ತಿ ಹಿಡಿದಿದ್ದ ಅಮ್ಮಾರಿಗೆ ತಮ್ಮ ಮೇಲಿನ ದೂರಿಗೆ ತಾವೇ ಬಟನ್ ಒತ್ತಿದ್ದು ಇನ್ನೂ ಗೊತ್ತಿಲ್ಲ. (ಈ ಅಂಕಣ ಅವರು ಓದುತ್ತಾರೆ. ಇವತ್ತು ಗೊತ್ತಾಗುತ್ತದೆ. ಸರ್, ಕ್ಷಮಿಸಿ.)

ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಸರ್ ಅವರಿಗೆ ದನಿ ಹೋಯಿತು, ಮಾತು ಹೋಗಿರಲಿಲ್ಲ. ಚಳಿಗಾಲದಿಂದ ಬೇಸಿಗೆವರೆಗೆ ಆ ಮಾತೆಲ್ಲ ಟ್ರಂಕಿನಲ್ಲಿ ಹಲಗೆಯ ಜೊತೆ ಮಲಗಿತ್ತು. ಅವರೇ ಯಾಕೆ ತೆಗೆಯಲಿಲ್ಲ ಎಂದು ಮೊನ್ನೆ ಕೇಳಿದೆ. ನಿಧಾನವಾಗಿ ಉತ್ತರ ಬಂತು: ಬಡಿದರೆ ಕೇಳುವವರು ಯಾರು? ಉತ್ತರ ಇಲ್ಲದವರು ಎಂದು ನಾನೇ ತೀರ್ಮಾನ ಮಾಡಿ ಫೋನ್ ಮಾಡದೇ ಬಿಟ್ಟವಳು. ಕಡೆಗೆ ಮಾತಾಡಿಸಲು ಹೋದ ದಿನವೂ ಮೂರು ನಿಮಿಷ ಬಟನ್ ಬಿಡಲಿಲ್ಲ. ಆ ಬೀಗ ಇಲ್ಲದಿದ್ದರೆ ಕಂಬದವರು ಏಣಿ ಹಾಕುವವರೆಗೂ ನಾನು ಸರ್ ಅವರನ್ನು ಉಳಿಸುವ ಭಾಷಣ ಮಾಡುತ್ತಲೇ ಇರುತ್ತಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಇರಲಿ, ನನ್ನ ಮೂರು ನಿಮಿಷ ಎಂದೋ ಮುಗಿದಿದೆ, ಬಟನ್ ಬಿಡುತ್ತಿದ್ದೇನೆ. ನಿಮ್ಮ ಮಾತಿನ ನಡುವೆ ಯಾರಾದರೂ ಆಗಲೇ ಮೂರು ಸಲ ಬಡಿದು ಕೂತಿದ್ದಾರೆಯೇ, ನೋಡಿ. ಓವರ್.